ವಿಂಡೋಸ್ 11ರ 25ಎಚ್2: ವಿಂಡೋಸ್ 10ರಲ್ಲಿರುವ ಸಿಸ್ಟಮ್‌ಗೆ ಈಗ ಹಾಕಬಹುದೇ?

ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ದಿನ ಮುಗಿಯಿತು. ಆದರೂ ಸಿಸ್ಟಮ್ ಎಂದಿನಂತೆ ಆನ್ ಆಗುತ್ತದೆ, ಪ್ರಿಂಟ್ ಬರುತ್ತದೆ, ಟ್ಯಾಲಿ ತೆರೆದುಕೊಳ್ಳುತ್ತದೆ. ಹಾಗಾಗಿ "ಓಡ್ತಾ ಇರೋದನ್ನ ಯಾಕೆ ಮುಟ್ಟೋದು" ಎಂಬ ಮಾತು ಡಿಟಿಪಿ ಅಂಗಡಿಯಲ್ಲೂ ಆಡಿಟರ್ ಕಚೇರಿಯಲ್ಲೂ ಕೇಳಿಬರುತ್ತದೆ. ಆ ಅಂಜಿಕೆಯನ್ನು ಹಗುರವಾಗಿ ನೋಡುವಂತಿಲ್ಲ. ಕನ್ನಡದಲ್ಲಿ ಕೆಲಸ ಮಾಡುವ ಒಂದು ಸಿಸ್ಟಮ್ ಎಂದರೆ ನುಡಿ ಎಂಬ ಟೈಪಿಂಗ್ ತಂತ್ರಾಂಶ, ಹಳೇ ಲೇಸರ್ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಪಕ್ಕದ ಸಿಸ್ಟಮ್ ಜೊತೆಗಿನ ಶೇರಿಂಗ್ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವ ಏರ್ಪಾಡು. ಅದರಲ್ಲಿ ಒಂದು ಕೊಂಡಿ ಕಳಚಿದರೂ ಆ ದಿನದ ದುಡಿಮೆ ನಿಲ್ಲುತ್ತದೆ. ಆದರೆ ಅದೇ ಸಿಸ್ಟಮ್‌ನಲ್ಲಿ ಗಿರಾಕಿಗಳ ಆಧಾರ್ ಪ್ರತಿ, ಪಾನ್ ಕಾರ್ಡ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್‌ಗಳೂ ಇರುತ್ತವೆ. ಇನ್ನು ಮುಂದೆ ಕಂಡುಬರುವ ಭದ್ರತಾ ತೂತುಗಳಿಗೆ ತೇಪೆ ಬಾರದ ಸಿಸ್ಟಮ್‌ನಲ್ಲಿ ಅವನ್ನು ಇಟ್ಟುಕೊಂಡು ಕೂರುವುದು ಸರಿಯಲ್ಲ.

ಇಲ್ಲಿ ತೂಗಿ ನೋಡುತ್ತಿರುವುದು 2025ರ ಸೆಪ್ಟೆಂಬರ್ 30ರಂದು ಹೊರಬಂದ ವಿಂಡೋಸ್ 11ರ 25ಎಚ್2 ಆವೃತ್ತಿಯನ್ನು. ಹೋಮ್ ಮತ್ತು ಪ್ರೊ ಬಳಕೆದಾರರಿಗೆ ಇದಕ್ಕೆ 2027ರ ಅಕ್ಟೋಬರ್ 12ರವರೆಗೆ ಅಪ್‌ಡೇಟ್ ಸಿಗುತ್ತದೆ. ಹಿಂದಿನ 24ಎಚ್2 ಆವೃತ್ತಿಗೆ 2026ರ ಅಕ್ಟೋಬರ್ 13 ಕೊನೆ, ಆದ್ದರಿಂದ ಇಂದು ಹಾಕುವವರು ನೇರವಾಗಿ 25ಎಚ್2 ಹಾಕುವುದೇ ಲೇಸು. 24ಎಚ್2ನಲ್ಲಿರುವವರಿಗೆ ಇದು ಕೆಲವೇ ನಿಮಿಷದ ಸಣ್ಣ ಪ್ಯಾಕೇಜು. ಎರಡರ ಒಳಗಿನ ತಿರುಳು ಒಂದೇ. ಹತ್ತರಿಂದ, ಅಂದರೆ ವಿಂಡೋಸ್ 10ರಿಂದ, ಬರುವವರಿಗೆ ಮಾತ್ರ ಇಡೀ ಆಪರೇಟಿಂಗ್ ಸಿಸ್ಟಮ್ಮೇ ಬದಲಾಗುತ್ತದೆ. ಮುಂದಿನ ಮಾತೆಲ್ಲ ಅವರಿಗಾಗಿ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರೊಸೆಸರ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿದ್ದು, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸಂಗ್ರಹ) ಇದ್ದರೆ ಹಾಕಿ, ಆದರೆ ಕೆಳಗಿನ ತಯಾರಿ ಮಾಡಿಕೊಂಡು ಹಾಕಿ. ಹಾರ್ಡ್ ಡಿಸ್ಕ್ ಮೇಲೆ ಓಡುವ ಸಿಸ್ಟಮ್ ಆದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ಹನ್ನೊಂದು. ಪ್ರೊಸೆಸರ್ ಪಟ್ಟಿಯಲ್ಲಿಲ್ಲದಿದ್ದರೆ ಅಡ್ಡದಾರಿ ಹಿಡಿಯದೆ, ಹತ್ತಕ್ಕೇ ಒಂದು ವರ್ಷದ ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿಕೊಂಡು ಆ ಅವಧಿಯಲ್ಲಿ ಮುಂದಿನ ದಾರಿ ನೋಡಿಕೊಳ್ಳಿ.

ಸಿಸ್ಟಮ್ ಅರ್ಹವೇ?

ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಪುಟ್ಟ ತಂತ್ರಾಂಶ ಹೌದು ಅಥವಾ ಇಲ್ಲ ಎಂದು ಹೇಳುತ್ತದೆ. "ಇಲ್ಲ" ಬಂದಾಗ ಕಾರಣ ಏನೆಂದು ನೋಡಬೇಕು, ಏಕೆಂದರೆ ಕೆಲವು ಕಾರಣಗಳನ್ನು ಹತ್ತು ನಿಮಿಷದಲ್ಲಿ ಸರಿಪಡಿಸಬಹುದು.

ಸರಿಪಡಿಸಲಾಗದ್ದು ಪ್ರೊಸೆಸರ್. ಇಂಟೆಲ್ ಆದರೆ 8ನೇ ತಲೆಮಾರಿನಿಂದ ಮೇಲೆ. ಐ5-8250ಯು ನಡೆಯುತ್ತದೆ, ಐ5-7200ಯು ನಡೆಯುವುದಿಲ್ಲ. ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ತಲೆಮಾರು, 1ರಿಂದ ಶುರುವಾಗುವ ಸಂಖ್ಯೆಯಾದರೆ ಮೊದಲ ಎರಡು. ಎಎಂಡಿ ಆದರೆ ರೈಜನ್ 2000 ಸರಣಿಯಿಂದ ಮೇಲೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲೊಂದು ಮೋಸ ಹೋಗುವ ಜಾಗವಿದೆ: 2200ಜಿ, 2400ಜಿ, 2500ಯು ಇವುಗಳ ಹೆಸರು 2000 ಸರಣಿಯದಾದರೂ ಒಳಗಿರುವುದು ಮೊದಲ ತಲೆಮಾರಿನ ರಚನೆ, ಹಾಗಾಗಿ ಪಟ್ಟಿಯಲ್ಲಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಇದನ್ನು ಗಮನಿಸಲೇಬೇಕು.

ಸರಿಪಡಿಸಬಹುದಾದದ್ದು ಟಿಪಿಎಂ 2.0, ಅಂದರೆ ಭದ್ರತಾ ಕೀಲಿಗಳನ್ನು ಕಾಪಾಡುವ ಘಟಕ. ಇಂಟೆಲ್ 8, 9ನೇ ತಲೆಮಾರಿನ ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ. ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಇಂಟೆಲ್ ಬೋರ್ಡ್‌ನಲ್ಲಿ ಪಿಟಿಟಿ, ಎಎಂಡಿ ಬೋರ್ಡ್‌ನಲ್ಲಿ ಎಫ್‌ಟಿಪಿಎಂ ಎಂಬುದನ್ನು ಆನ್ ಮಾಡಿ. ಬಯಾಸ್ ತೆರೆಯಲು ಡೆಲ್, ಏಸರ್, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಡಿಲೀಟ್ ಕೀ. ಆದರೆ ಬಯಾಸ್ ಮುಟ್ಟುವ ಮೊದಲು ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ಹೋಮ್ ಆವೃತ್ತಿಯ ಲ್ಯಾಪ್‌ಟಾಪ್‌ಗಳಲ್ಲೂ ಅದು ತಾನಾಗಿ ಆನ್ ಆಗಿರಬಹುದು. ಇದ್ದರೆ ತಾತ್ಕಾಲಿಕವಾಗಿ ತಡೆಹಿಡಿಯಿರಿ, ಇಲ್ಲವೇ ಆಫ್ ಮಾಡಿ. 48 ಅಂಕಿಯ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಆ ಕೀ ಇಲ್ಲದೆ ಲಾಕ್ ಆದ ಡಿಸ್ಕ್‌ನಿಂದ ಡೇಟಾ ತೆಗೆಯಲು ಯಾರಿಂದಲೂ ಆಗದು.

ಮೂರನೆಯದು ಬೂಟ್ ಬಗೆ. ಇದು ಊರಲ್ಲಿ ಜೋಡಿಸಿದ ಡೆಸ್ಕ್‌ಟಾಪ್‌ಗಳ ದೊಡ್ಡ ತಲೆನೋವು. ಡಿಸ್ಕ್ ಹಳೇ ಎಂಬಿಆರ್ ಕ್ರಮದಲ್ಲಿದ್ದು, ಲೆಗಸಿ ಬೂಟ್ ಆಗುತ್ತಿದ್ದರೆ ಹನ್ನೊಂದು ಒಪ್ಪುವುದಿಲ್ಲ. ಹೊಸ ಜಿಪಿಟಿ ಕ್ರಮದ ಡಿಸ್ಕ್ ಮತ್ತು ಯುಇಎಫ್‌ಐ ಎಂಬ ಹೊಸ ಬೂಟ್ ಬಗೆ ಬೇಕು. ಎಂಬಿಆರ್2ಜಿಪಿಟಿ ಎಂಬ ಕಮಾಂಡ್ ವಿಂಡೋಸ್ 10ರಲ್ಲೇ ಇದೆ, ಡೇಟಾ ಅಳಿಸದೆ ಬದಲಾಯಿಸುತ್ತದೆ. ಮೊದಲು ಅದರ ವ್ಯಾಲಿಡೇಟ್ ಆಯ್ಕೆ ಓಡಿಸಿ ನೋಡಿ. ಸಿ, ಡಿ, ಇ, ಎಫ್ ಎಂದು ನಾಲ್ಕೈದು ಡ್ರೈವ್ ಮಾಡಿಸಿಕೊಂಡ ಡಿಸ್ಕ್‌ನಲ್ಲಿ ಇದು ಬಹುಪಾಲು ಸೋಲುತ್ತದೆ. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೂ, ಎಕ್ಸ್‌ಟೆಂಡೆಡ್ ಒಳಗೆ ಲಾಜಿಕಲ್ ಡ್ರೈವ್ ಇದ್ದರೂ ಅದು ಕೈಚೆಲ್ಲುತ್ತದೆ. ಆಗ ಕೊನೆಯ ಡ್ರೈವ್‌ಗಳ ಡೇಟಾವನ್ನು ಬೇರೆಡೆ ನಕಲು ಮಾಡಿ, ಆ ಪಾರ್ಟಿಷನ್‌ಗಳನ್ನು ಅಳಿಸಿ, ಮತ್ತೆ ಓಡಿಸಬೇಕು. ಬದಲಾದ ಕೂಡಲೇ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ಬೂಟ್ ಬಗೆಯ ಹೊಂದಾಣಿಕೆ) ಆಫ್ ಮಾಡದಿದ್ದರೆ ಸಿಸ್ಟಮ್ ಬೂಟ್ ಆಗುವುದಿಲ್ಲ. ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದು ಅದಕ್ಕೆ ಯುಇಎಫ್‌ಐ ಬೆಂಬಲ ಇಲ್ಲದಿದ್ದರೆ ಸಿಎಸ್‌ಎಂ ಆಫ್ ಆದ ಮೇಲೆ ಪರದೆಯೇ ಕಪ್ಪಾಗುತ್ತದೆ. ಅಂಥಲ್ಲಿ ಕಾರ್ಡ್ ತೆಗೆದು ಬೋರ್ಡ್‌ನ ಸ್ವಂತ ಡಿಸ್‌ಪ್ಲೇಗೆ ವೈರ್ ಹಾಕಿ.

ಅರ್ಹತೆ ಇದ್ದ ಮಾತ್ರಕ್ಕೆ ಸಿಸ್ಟಮ್ ಚುರುಕಾಗಿ ಓಡುತ್ತದೆ ಎಂದುಕೊಳ್ಳಬೇಡಿ. ಸೆಲೆರಾನ್ ಎನ್4000, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹದ ಅಗ್ಗದ ಲ್ಯಾಪ್‌ಟಾಪ್ ಕೂಡ ಕಾಗದದ ಮೇಲೆ ಪಾಸಾಗುತ್ತದೆ. ಅದರಲ್ಲಿ ಹನ್ನೊಂದು ಹಾಕಿದರೆ ಬ್ರೌಸರ್‌ನಲ್ಲಿ ಮೂರು ಟ್ಯಾಬ್ ತೆರೆಯುವಷ್ಟರಲ್ಲಿ ಹ್ಯಾಂಗ್ ಆಗುತ್ತದೆ. ಮುಂದಿನ ವರ್ಷದ ಅಪ್‌ಡೇಟ್‌ಗೆ ಜಾಗವೂ ಉಳಿಯುವುದಿಲ್ಲ. 32-ಬಿಟ್ ವಿಂಡೋಸ್ 10ರಲ್ಲಿ ಡಾಸ್ ಕಾಲದ ಲೆಕ್ಕದ ತಂತ್ರಾಂಶ ಓಡಿಸುತ್ತಿರುವ ಸಹಕಾರ ಸಂಘ, ಅಕ್ಕಿ ಗಿರಣಿಗಳಂಥ ಕಡೆ ವಿಷಯ ಇನ್ನೂ ಗಂಭೀರ. ಹನ್ನೊಂದರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ, 64-ಬಿಟ್‌ನಲ್ಲಿ 16-ಬಿಟ್ ತಂತ್ರಾಂಶ ಓಡುವುದೇ ಇಲ್ಲ. ಮೊದಲು ಆ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಸಾಗಿಸಬೇಕು.

ಕನ್ನಡದ ಕೆಲಸ ಏನಾಗುತ್ತದೆ

ಫೈಲು, ತಂತ್ರಾಂಶ ಎಲ್ಲ ಉಳಿಸಿಕೊಂಡು ಮೇಲೇರಿದರೆ ನುಡಿ 01 ಇ ಮುಂತಾದ ಆಸ್ಕಿ (ಯೂನಿಕೋಡ್‌ಗೆ ಮುಂಚಿನ ಹಳೇ ಬಗೆಯ) ಫಾಂಟ್‌ಗಳು ಫಾಂಟ್ಸ್ ಫೋಲ್ಡರ್‌ನಲ್ಲಿ ಹಾಗೇ ಇರುತ್ತವೆ. ಸಮಸ್ಯೆ ಬರುವುದು ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿದಾಗ, ಅದೂ ಎರಡು ಕಡೆ.

ಮೊದಲನೆಯದು ತುಂಗಾ ಎಂಬ ಫಾಂಟ್. ವಿಂಡೋಸ್ ಎಕ್ಸ್‌ಪಿ ಮತ್ತು 7ರ ಕಾಲದಲ್ಲಿ ಯೂನಿಕೋಡ್ ಕನ್ನಡ ಎಂದರೆ ತುಂಗಾ. ಆಗಿನ ಸರ್ಕಾರಿ ಪತ್ರ, ಶಾಲಾ ದಾಖಲೆ, ಕ್ರಯಪತ್ರದ ಕರಡುಗಳಲ್ಲಿ ಅದೇ ತುಂಬಿದೆ. ವಿಂಡೋಸ್ 10ರಿಂದ ಅದು ಐಚ್ಛಿಕ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸದೆ ಹೊಸದಾಗಿ ಹಾಕಿದ ಸಿಸ್ಟಮ್‌ನಲ್ಲಿ ತುಂಗಾ ಇರುವುದಿಲ್ಲ, ಅದರ ಜಾಗಕ್ಕೆ ನಿರ್ಮಲಾ ಯುಐ ಬಂದು ಕೂರುತ್ತದೆ. ಅಕ್ಷರ ಓದಲು ಬರುತ್ತದೆ, ಆದರೆ ಅಗಲ ಬೇರೆಯಾದ್ದರಿಂದ ಸಾಲು ಮುರಿಯುವ ಜಾಗ ಬದಲಾಗಿ ಪುಟಗಳು ಸರಿಯುತ್ತವೆ. ಛಾಪಾ ಕಾಗದದ ಮೇಲೆ ಅಳತೆ ಹಿಡಿದು ಮುದ್ರಿಸುವವರಿಗೆ ಇದು ಸಣ್ಣ ವಿಷಯವಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಆಪ್ಷನಲ್ ಫೀಚರ್ಸ್, ಅದರಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಆಯ್ದುಕೊಂಡರೆ ತುಂಗಾ ಮರಳಿ ಬರುತ್ತದೆ. ಇದಕ್ಕೆ ಇಂಟರ್ನೆಟ್ ಬೇಕು.

ಎರಡನೆಯದು ನುಡಿ ಫಾಂಟ್‌ಗಳನ್ನು ಹಾಕುವ ರೀತಿ. ಫಾಂಟ್ ಫೈಲ್ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಕೊಟ್ಟರೆ ಅದು ಆ ಒಬ್ಬ ಬಳಕೆದಾರನ ಖಾತೆಗೆ ಮಾತ್ರ ಸೇರುತ್ತದೆ, ಹಳೇ ತಂತ್ರಾಂಶಗಳಿಗೆ ಕಾಣದೇ ಹೋಗಬಹುದು. "ವರ್ಡ್‌ನಲ್ಲಿ ಫಾಂಟ್ ಇದೆ, ಪೇಜ್‌ಮೇಕರ್‌ನಲ್ಲಿ ಇಲ್ಲ" ಎಂಬ ದೂರಿನ ಹಿಂದೆ ಇದಿದೆಯೇ ಎಂದು ಮೊದಲು ನೋಡಿ. ರೈಟ್ ಕ್ಲಿಕ್ ಮಾಡಿ, ಶೋ ಮೋರ್ ಆಪ್ಷನ್ಸ್‌ಗೆ ಹೋಗಿ, ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡುವ ಆಯ್ಕೆ ಒತ್ತಿ.

ಕೀಲಿಮಣೆಯ ವಿಚಾರಕ್ಕೆ ಬಂದರೆ, ಹನ್ನೊಂದರ ಒಳಗೇ ಸಿಗುವುದು ಇನ್‌ಸ್ಕ್ರಿಪ್ಟ್ ಮತ್ತು ಕನ್ನಡ ಫೋನೆಟಿಕ್ ಎರಡೇ. ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಪಳಗಿದವರು ಕನ್ನಡ ಗಣಕ ಪರಿಷತ್ತಿನ ನುಡಿಯನ್ನೋ ಅಂಥ ಬೇರೆ ತಂತ್ರಾಂಶವನ್ನೋ ಹಾಕಿಕೊಳ್ಳಲೇಬೇಕು. ಕರ್ನಾಟಕ ಸರ್ಕಾರವೇ ಒಪ್ಪಿದ ವಿನ್ಯಾಸಕ್ಕೆ ವಿಂಡೋಸ್‌ನೊಳಗೆ ಇನ್ನೂ ಜಾಗ ಸಿಗದಿರುವುದು ಈ ಆವೃತ್ತಿಯಲ್ಲೂ ಉಳಿದಿರುವ ದೊಡ್ಡ ಕೊರತೆ. ಇನ್ನೊಂದು ಮಾತು: ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ತಂತ್ರಾಂಶದೊಳಗೆ ಕನ್ನಡ ಮೂಡದಿದ್ದರೆ ಕೀಲಿಮಣೆ ತಂತ್ರಾಂಶವನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ. ಕಡಿಮೆ ಅಧಿಕಾರದ ತಂತ್ರಾಂಶ ಹೆಚ್ಚು ಅಧಿಕಾರದ ಕಿಟಕಿಗೆ ಅಕ್ಷರ ಕಳಿಸುವುದನ್ನು ವಿಂಡೋಸ್ ತಡೆಯುತ್ತದೆ.

ಪೇಜ್‌ಮೇಕರ್ 7ರಲ್ಲೇ ಲಗ್ನಪತ್ರಿಕೆ, ಕರಪತ್ರ ಮಾಡುವ ಮುದ್ರಣಾಲಯಗಳಿಗೆ ನಮ್ಮ ಸಲಹೆ ಬೇರೆ. ಆ ಸಿಸ್ಟಮ್ ಅನ್ನು ಇದ್ದಂತೆಯೇ ಇಟ್ಟುಕೊಳ್ಳಿ, ಇಂಟರ್ನೆಟ್ ವೈರ್ ತೆಗೆಯಿರಿ, ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸಿ. ಮೇಲ್, ವಾಟ್ಸಾಪ್, ಬ್ಯಾಂಕಿಂಗ್‌ಗೆ ಇನ್ನೊಂದು ಸಿಸ್ಟಮ್ ಇರಲಿ. ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು, ಅದರ ಮುಂದುವರಿಕೆಯೂ ಎಂದೋ ನಿಂತಿದೆ. ಅದನ್ನು ಹೊಸ ಆಪರೇಟಿಂಗ್ ಸಿಸ್ಟಮ್ ಮೇಲೆ ನಿಲ್ಲಿಸಲು ಹೆಣಗುವ ಸಮಯದಲ್ಲಿ ಹೊಸ ಕೆಲಸಗಳನ್ನು ಯೂನಿಕೋಡ್ ಬಲ್ಲ ತಂತ್ರಾಂಶಕ್ಕೆ ಬದಲಿಸಿಕೊಳ್ಳುವುದು ಮೇಲು.

ಪ್ರಿಂಟರ್, ಶೇರಿಂಗ್, ಟೋಕನ್

ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಇವೆರಡೂ ನಮ್ಮ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿಯುವ ಯಂತ್ರಗಳು. ಎರಡಕ್ಕೂ ತಮ್ಮದೇ ಡ್ರೈವರ್ ಬೇಕು, ಸಾಮಾನ್ಯ ಡ್ರೈವರ್‌ನಲ್ಲಿ ಓಡವು. 64-ಬಿಟ್ ವಿಂಡೋಸ್ 10ರ ಡ್ರೈವರ್ ಹನ್ನೊಂದರಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಮೂರನೆಯವರ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಮೈಕ್ರೋಸಾಫ್ಟ್ ಹಂತಹಂತವಾಗಿ ನಿಲ್ಲಿಸುತ್ತಿದೆ. "ಪ್ಲಗ್ ಹಾಕಿದರೆ ತಾನೇ ಹುಡುಕಿಕೊಳ್ಳುತ್ತದೆ" ಎಂಬ ನಂಬಿಕೆ ಬಿಟ್ಟು, ತಯಾರಕರ ತಾಣದಿಂದ ಡ್ರೈವರ್ ಫೈಲನ್ನು ಈಗಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಸ್ನಾಪ್‌ಡ್ರ್ಯಾಗನ್ ಪ್ರೊಸೆಸರ್‌ನ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಿದ್ದರೆ ಇನ್ನಷ್ಟು ಎಚ್ಚರ ಬೇಕು. ಅದರಲ್ಲಿ ಡ್ರೈವರ್ ಕೂಡ ಆರ್ಮ್ ಬಗೆಯದೇ ಆಗಬೇಕು, ಇಂಥ ಹಳೇ ಪ್ರಿಂಟರ್‌ಗಳನ್ನು ನಂಬಿ ಅದನ್ನು ತರಬೇಡಿ.

ಕಚೇರಿಗಳಲ್ಲಿ ಹೆಚ್ಚು ಜನ ಒದ್ದಾಡುವುದು ಶೇರಿಂಗ್‌ನಲ್ಲಿ. 24ಎಚ್2ರಿಂದ ಈಚೆಗೆ ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರಿಂಗ್‌ಗೆ ಅವಕಾಶವಿಲ್ಲ, ಎಸ್‌ಎಂಬಿ (ವಿಂಡೋಸ್ ಫೈಲ್ ಶೇರಿಂಗ್‌ನ ನಿಯಮಾವಳಿ) ಸಂಪರ್ಕಕ್ಕೆ ಸೈನಿಂಗ್, ಅಂದರೆ ಡಿಜಿಟಲ್ ಗುರುತಿನ ತಪಾಸಣೆ, ಕಡ್ಡಾಯ. ರೌಟರ್‌ಗೆ ಸಿಕ್ಕಿಸಿದ ಹಾರ್ಡ್ ಡಿಸ್ಕ್, ಹಳೇ ನಾಸ್ (ಜಾಲದಲ್ಲಿ ಫೈಲು ಇಡುವ) ಪೆಟ್ಟಿಗೆ, "ಎವ್ರಿಒನ್" ಎಂದು ಶೇರ್ ಮಾಡಿದ ಟ್ಯಾಲಿ ಫೋಲ್ಡರ್ ಇವೆಲ್ಲ ನಿನ್ನೆವರೆಗೆ ತೆರೆಯುತ್ತಿದ್ದವು, ಮೇಲೇರಿದ ಮರುದಿನ ತೆರೆಯವು. ಇದಕ್ಕೆ ವಿಂಡೋಸ್‌ನ ರಿಜಿಸ್ಟ್ರಿ ತಿದ್ದಿ ಭದ್ರತೆ ಸಡಿಲಿಸುವ ವಿಡಿಯೋಗಳು ಬೇಕಾದಷ್ಟಿವೆ. ಸರಿಯಾದ ಮದ್ದು ಸುಲಭವಾದದ್ದೇ: ಡೇಟಾ ಇರುವ ಸಿಸ್ಟಮ್‌ನಲ್ಲಿ ಪಾಸ್‌ವರ್ಡ್ ಸಹಿತ ಒಂದು ಬಳಕೆದಾರ ಖಾತೆ ಮಾಡಿ, ಫೋಲ್ಡರ್ ಅನ್ನು ಅದಕ್ಕೆ ಶೇರ್ ಮಾಡಿ, ಇನ್ನೊಂದರಿಂದ ಅದೇ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಹೋಗಿ, ನೆನಪಿಟ್ಟುಕೊಳ್ಳಲು ಟಿಕ್ ಹಾಕಿ. ಎಕ್ಸ್‌ಪಿ ಸಿಸ್ಟಮ್ ಇನ್ನೂ ಜಾಲದಲ್ಲಿದ್ದರೆ ಅದನ್ನು ಬಿಡಿಸಿ, ಅದಕ್ಕೆ ಗೊತ್ತಿರುವುದು ಎಸ್‌ಎಂಬಿ 1 ಮಾತ್ರ.

ಶೇರ್ ಮಾಡಿದ ಪ್ರಿಂಟರ್‌ನಲ್ಲಿ 11ಬಿ ಅಥವಾ 709 ಎಂದು ಕೊನೆಗೊಳ್ಳುವ ದೋಷ ಬಂದರೆ ಎರಡೂ ಸಿಸ್ಟಮ್‌ಗಳ ಅಪ್‌ಡೇಟ್ ಮಟ್ಟ ಒಂದೇ ಇದೆಯೇ ನೋಡಿ. 22ಎಚ್2ರಿಂದ ಹನ್ನೊಂದು ಪ್ರಿಂಟರ್ ಜೊತೆ ಮಾತಾಡುವ ದಾರಿಯನ್ನೇ ಬದಲಿಸಿದೆ, ಹಳೇ ಸಿಸ್ಟಮ್‌ಗೆ ಅದು ಅರ್ಥವಾಗುವುದಿಲ್ಲ. ಪ್ರೊ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿಯಿಂದ ಹಳೇ ದಾರಿಗೆ ಮರಳಬಹುದು, ಹೋಮ್‌ನಲ್ಲಿ ಆ ಸಲಕರಣೆ ಇಲ್ಲ. ಪ್ರಿಂಟರ್‌ಗೆ ನೆಟ್‌ವರ್ಕ್ ಸಾಕೆಟ್ ಇದ್ದರೆ ನೇರವಾಗಿ ರೌಟರ್‌ಗೆ ಜೋಡಿಸಿ, ಪ್ರತಿ ಸಿಸ್ಟಮ್‌ನಲ್ಲೂ ಐಪಿ ವಿಳಾಸದಿಂದ ಸೇರಿಸಿಕೊಳ್ಳುವುದೇ ಬಾಳಿಕೆಯ ದಾರಿ.

ಜಿಎಸ್‌ಟಿ, ಆದಾಯ ತೆರಿಗೆಗೆ ಬಳಸುವ ಇಪಾಸ್ 2003, ಪ್ರಾಕ್ಸ್‌ಕೀ ಥರದ ಟೋಕನ್‌ಗಳ ಬಗ್ಗೆ ಭಯ ಬೇಡ. ಸಹಿಯ ಕೀಲಿ ಟೋಕನ್ ಒಳಗೇ ಇರುತ್ತದೆ, ಸಿಸ್ಟಮ್ ಫಾರ್ಮ್ಯಾಟ್ ಆದರೂ ಹೋಗುವುದಿಲ್ಲ. ಡ್ರೈವರ್ ಮತ್ತು ಸಹಿ ಹಾಕಿಸುವ ಎಂಸೈನರ್ ತಂತ್ರಾಂಶ ಮಾತ್ರ ಮತ್ತೆ ಹಾಕಬೇಕಾಗಬಹುದು. ಅಪ್‌ಗ್ರೇಡ್ ಆಗುವಾಗ ಟೋಕನ್ ಕಿತ್ತಿಡಿ. ಪಿನ್ ಮರೆತು ತಪ್ಪಾಗಿ ಹಲವು ಸಲ ಹೊಡೆದರೆ ಲಾಕ್ ಆಗುತ್ತದೆ, ಅದನ್ನೂ ಮೊದಲೇ ಖಚಿತಪಡಿಸಿಕೊಳ್ಳಿ. ಗ್ರಾಮ ಒನ್‌ನಂಥ ಕೇಂದ್ರಗಳ ಬೆರಳಗುರುತಿನ ಯಂತ್ರಕ್ಕೆ ಬೇಕಾದ ಆರ್‌ಡಿ ಸರ್ವೀಸ್ ತಂತ್ರಾಂಶದ ಹೊಸ ಆವೃತ್ತಿ ತಯಾರಕರಿಂದ ಇಳಿಸಿಕೊಂಡು ಕೈಯಲ್ಲಿ ಇಟ್ಟುಕೊಳ್ಳಿ. ಹೊಸದಾಗಿ ಹಾಕಿದ ಹನ್ನೊಂದರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಸಾಮಾನ್ಯವಾಗಿ ಆನ್ ಆಗಿರುತ್ತದೆ, ಹಳೇ ಡಾಂಗಲ್ ಡ್ರೈವರ್‌ಗಳನ್ನು ಅದು ತಡೆಯುತ್ತದೆ. ಮೊದಲು ಹೊಸ ಡ್ರೈವರ್ ಹುಡುಕಿ. ಆ ರಕ್ಷಣೆಯನ್ನು ಆಫ್ ಮಾಡುವುದು ಕೊನೆಯ ಉಪಾಯವಾಗಿರಲಿ.

ಹಾಕುವ ಕ್ರಮ

ಡೇಟಾದ ಎರಡು ಪ್ರತಿ ಬೇಕು, ಅದರಲ್ಲಿ ಒಂದು ಸಿಸ್ಟಮ್‌ಗೆ ಜೋಡಿಸದ ಡಿಸ್ಕ್‌ನಲ್ಲಿ. ಡಿ ಡ್ರೈವ್‌ಗೆ ನಕಲು ಮಾಡಿದ್ದನ್ನು ಬ್ಯಾಕಪ್ ಎಂದು ಎಣಿಸಬೇಡಿ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಟ್ಯಾಲಿಯ ಡೇಟಾ ಫೋಲ್ಡರ್, ಔಟ್‌ಲುಕ್ ಮೇಲ್‌ಗಳ ಪಿಎಸ್‌ಟಿ ಫೈಲು, ಬ್ರೌಸರ್‌ನ ಪಾಸ್‌ವರ್ಡ್‌ಗಳು ಜನ ಮರೆಯುವ ಮೂರು ವಸ್ತು. ಫಾರ್ಮ್ಯಾಟ್ ಮಾಡುವುದಾದರೆ ಟ್ಯಾಲಿ ಲೈಸೆನ್ಸನ್ನು ಮೊದಲು ಸರೆಂಡರ್ ಮಾಡಿ. ಹಣ ಕೊಟ್ಟ ಆಂಟಿವೈರಸ್ ಇದ್ದರೆ ಕೀ ಬರೆದಿಟ್ಟು ಅದನ್ನು ತೆಗೆದುಹಾಕಿ, ಆಮೇಲೆ ಮತ್ತೆ ಹಾಕಿ.

ಒಂದೇ ಸಿಸ್ಟಮ್ ಆದರೆ ವಿಂಡೋಸ್ 11 ಇನ್‌ಸ್ಟಲೇಷನ್ ಅಸಿಸ್ಟೆಂಟ್ ಸಾಕು. ಎರಡಕ್ಕಿಂತ ಹೆಚ್ಚಿದ್ದರೆ ಐಎಸ್‌ಒ ಫೈಲನ್ನು (ಇಡೀ ವಿಂಡೋಸ್ ಸೆಟಪ್ ಒಂದೇ ಫೈಲಿನಲ್ಲಿ) ಒಮ್ಮೆ ಇಳಿಸಿಕೊಂಡು ಎಲ್ಲಕ್ಕೂ ಬಳಸಿ. ಅದು 5 ಜಿಬಿಗೂ ಮೇಲೆ, ಮೊಬೈಲಿನ ದಿನಕ್ಕೆ 2 ಜಿಬಿ ಪ್ಯಾಕ್ ಸಾಲದು. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಬದಲಿಸಿ. ಫೈಲನ್ನು ಸಿಸ್ಟಮ್‌ಗೆ ನಕಲು ಮಾಡಿ, ಅದರ ಮೇಲೆ ಎರಡು ಸಲ ಒತ್ತಿದರೆ ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಒಳಗಿನ ಸೆಟಪ್ ಓಡಿಸಿ. ಮೊದಲ ಪುಟದಲ್ಲಿ ಅಪ್‌ಡೇಟ್ ಇಳಿಸುವ ವಿಧಾನ ಬದಲಿಸಿ "ನಾಟ್ ರೈಟ್ ನೌ" ಕೊಟ್ಟರೆ ಸಮಯ ಉಳಿಯುತ್ತದೆ.

ಕೊನೆಯ ಪುಟದಲ್ಲಿ "ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆಪ್ಸ್" ಎಂದೇ ಬಂದಿರಬೇಕು. ಆ ಆಯ್ಕೆ ಮಸುಕಾಗಿದ್ದರೆ ಮುಂದುವರಿಯಬೇಡಿ, ರದ್ದು ಮಾಡಿ. ಕಾರಣ ಬಹುತೇಕ ಭಾಷೆ: ಮೂಲ ಸಿಸ್ಟಮ್ ಅಮೆರಿಕನ್ ಇಂಗ್ಲಿಷ್‌ನದಾಗಿದ್ದು, ಇಳಿಸಿಕೊಂಡದ್ದು ಇಂಗ್ಲಿಷ್ ಇಂಟರ್‌ನ್ಯಾಷನಲ್ ಆಗಿರುತ್ತದೆ, ಅಥವಾ ತಿರುಗುಮುರುಗು. ಡಿಸ್ಮ್ (dism) ಕಮಾಂಡ್‌ನ ಗೆಟ್-ಇಂಟ್ಲ್ (/get-intl) ಆಯ್ಕೆ ಕೊಟ್ಟರೆ ಮೂಲ ಭಾಷೆ ಯಾವುದೆಂದು ತೋರಿಸುತ್ತದೆ, ಅದೇ ಭಾಷೆಯ ಫೈಲು ಇಳಿಸಿ.

ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಖಾಲಿ ಇರಲಿ. ಪ್ರಿಂಟರ್, ಡಾಂಗಲ್, ಹೊರಗಿನ ಡಿಸ್ಕ್ ಎಲ್ಲ ಕಿತ್ತು ಕೀಬೋರ್ಡು, ಮೌಸ್ ಮಾತ್ರ ಉಳಿಸಿ. ಎಸ್‌ಎಸ್‌ಡಿಯಲ್ಲಿ ಒಂದು ಗಂಟೆಯೊಳಗೆ ಮುಗಿಯುವುದು ಸಾಮಾನ್ಯ. ಹಾರ್ಡ್ ಡಿಸ್ಕ್‌ನಲ್ಲಿ ಮೂರು ಗಂಟೆಯೂ ಹಿಡಿಯಬಹುದು. ಯುಪಿಎಸ್ ಬ್ಯಾಟರಿ ಹತ್ತು ನಿಮಿಷ ತಡೆಯುವುದಾದರೆ ಡೆಸ್ಕ್‌ಟಾಪ್‌ಗೆ ಅದು ಸಾಲದು. ಕರೆಂಟ್ ಹೋಗುವ ಹೊತ್ತು ನಿಮಗೇ ಗೊತ್ತಿರುತ್ತದೆ, ಆ ಹೊತ್ತನ್ನು ಬಿಟ್ಟು ಶುರುಮಾಡಿ. ಮಧ್ಯೆ ಶೇಕಡಾ ಅಂಕಿ ಒಂದೇ ಕಡೆ ಅರ್ಧ ಗಂಟೆ ನಿಂತರೂ ಪವರ್ ಬಟನ್ ಒತ್ತಬೇಡಿ.

ತಪ್ಪಿದರೆ ಹೆಚ್ಚಿನ ಸಲ ಅದು ತಾನೇ ಹತ್ತಕ್ಕೆ ಮರಳುತ್ತದೆ, ಒಂದು ಸಂಖ್ಯೆ ತೋರಿಸುತ್ತದೆ. 1900101 ಎಂದಿದ್ದರೆ ಡ್ರೈವರ್ ತೊಂದರೆ. ಡಿಸ್‌ಪ್ಲೇ, ವೈಫೈ, ಆಡಿಯೊ ಡ್ರೈವರ್‌ಗಳನ್ನು ತಯಾರಕರ ತಾಣದಿಂದ ಹೊಸದು ಹಾಕಿ ಮತ್ತೆ ಪ್ರಯತ್ನಿಸಿ. 80070070 ಎಂದರೆ ಜಾಗ ಸಾಲದು. "ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ" ಎಂದರೆ ಸಿ ಡ್ರೈವ್ ಎಷ್ಟು ಖಾಲಿ ಇದ್ದರೂ ಪ್ರಯೋಜನವಿಲ್ಲ, ತುಂಬಿರುವುದು 100 ಎಂಬಿಯ ಬೂಟ್ ಪಾರ್ಟಿಷನ್. ಮೌಂಟ್‌ವಾಲ್ (mountvol) ಕಮಾಂಡ್‌ನಿಂದ ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು, ಇಎಫ್‌ಐ, ಮೈಕ್ರೋಸಾಫ್ಟ್, ಬೂಟ್, ಫಾಂಟ್ಸ್ ಎಂಬ ಫೋಲ್ಡರ್‌ನೊಳಗಿನ ಫಾಂಟ್‌ಗಳನ್ನಷ್ಟೇ ಅಳಿಸಿದರೆ ಬೇಕಾದ 15 ಎಂಬಿ ಸಿಗುತ್ತದೆ. ಅಲ್ಲಿ ಬೇರೆ ಯಾವುದನ್ನೂ ಮುಟ್ಟಬಾರದು, ಕೈ ತಪ್ಪಿದರೆ ಸಿಸ್ಟಮ್ ಬೂಟ್ ಆಗದು. ಕಾರಣ ತಿಳಿಯದೇ ಹೋದರೆ ವಿಂಡೋಸ್ ಫೋಲ್ಡರ್‌ನ ಲಾಗ್ಸ್‌ನಲ್ಲಿ ಸೆಟಪ್‌ಡಯಾಗ್ ಎಂಬ ತಪಾಸಣಾ ಸಾಧನ ಬರೆದಿಟ್ಟ ವರದಿ ನೋಡಿ, ಯಾವ ಡ್ರೈವರ್ ತಡೆಯಿತೆಂದು ಹೆಸರು ಸಹಿತ ಇರುವುದುಂಟು.

ದಿನದ ಬಳಕೆಯಲ್ಲಿ

ಮೊದಲ ವಾರ ಕಿರಿಕಿರಿ ಮಾಡುವುದು ರೈಟ್ ಕ್ಲಿಕ್ ಪಟ್ಟಿ. ಹಳೇ ಆಯ್ಕೆಗಳೆಲ್ಲ ಶೋ ಮೋರ್ ಆಪ್ಷನ್ಸ್ ಹಿಂದೆ ಅಡಗಿವೆ. ಶಿಫ್ಟ್ ಎಫ್10 ಒತ್ತಿದರೆ ನೇರವಾಗಿ ಬರುತ್ತವೆ. ವರ್ಡ್‌ಪ್ಯಾಡ್ ತೆಗೆದುಹಾಕಿದ್ದಾರೆ. ಟಾಸ್ಕ್‌ಬಾರ್ ಮಧ್ಯದಲ್ಲಿರುವುದನ್ನು ಎಡಕ್ಕೆ ತರಬಹುದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಡುವ ಹಳೇ ತಾಣಗಳಿಗೆ ಎಡ್ಜ್‌ನೊಳಗೆ ಐಇ ಮೋಡ್ ಇದೆ. ಎಐ ಬಗ್ಗೆ, ಅದರಲ್ಲೂ ಪರದೆಯ ಚಿತ್ರ ತೆಗೆದಿಡುವ ರೀಕಾಲ್ ಬಗ್ಗೆ ಆತಂಕಗೊಂಡವರು ಗಮನಿಸಿ: ಅದು 16 ಜಿಬಿ ರ‍್ಯಾಮ್ ಮತ್ತು ವಿಶೇಷ ಎನ್‌ಪಿಯು (ಎಐ ಪ್ರೊಸೆಸರ್) ಇರುವ ಕೋಪೈಲಟ್ ಪ್ಲಸ್ ಯಂತ್ರಗಳಿಗೆ ಮಾತ್ರ, ಹತ್ತರಿಂದ ಏರಿದ ಹಳೇ ಸಿಸ್ಟಮ್‌ಗೆ ಬರುವುದಿಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಒನ್‌ಡ್ರೈವ್ ವಿಷಯದಲ್ಲಿ. ಆರಂಭದ ಪುಟಗಳಲ್ಲಿ ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಹೋದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಒನ್‌ಡ್ರೈವ್‌ನೊಳಕ್ಕೆ ಸರಿಯುತ್ತವೆ. ಉಚಿತ ಜಾಗ 5 ಜಿಬಿ. ತುಂಬಿದ ಮೇಲೆ ಹೊಸ ಫೈಲುಗಳ ಸಿಂಕ್ ನಿಲ್ಲುತ್ತದೆ, ಆ ಹಳೇ ದಾರಿಯನ್ನೇ ನಂಬಿದ ತಂತ್ರಾಂಶಗಳಿಗೆ ತಮ್ಮ ಫೈಲು ಸಿಗುವುದಿಲ್ಲ. ಕೇಳಿದಾಗ ಬೇಡವೆನ್ನಿ, ಆಗಿಬಿಟ್ಟಿದ್ದರೆ ಒನ್‌ಡ್ರೈವ್ ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ನಿಲ್ಲಿಸಿ ಫೈಲುಗಳನ್ನು ಹಿಂದಕ್ಕೆ ತನ್ನಿ.

ವೇಗದ ವಿಷಯದಲ್ಲಿ, 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ಹತ್ತಕ್ಕೂ ಹನ್ನೊಂದಕ್ಕೂ ಆಫೀಸ್ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ.

ಅರ್ಹತೆ ಇಲ್ಲದವರಿಗೆ

ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ, ಅಂದರೆ ಇಎಸ್‌ಯು, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಇದೆ. ಸಿಸ್ಟಮ್ ವಿಂಡೋಸ್ 10ರ 22ಎಚ್2 ಆವೃತ್ತಿಯಲ್ಲಿರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಬೇಕು. ಸೆಟ್ಟಿಂಗ್ಸ್ ಸಿಂಕ್ ಮಾಡಲು ಒಪ್ಪಿದರೆ ಉಚಿತ. ಇಲ್ಲವೇ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ ಅಥವಾ 30 ಡಾಲರ್‌ಗೆ ಸಮನಾದ ಮೊತ್ತ. ಒಂದು ನೋಂದಣಿ 10 ಸಿಸ್ಟಮ್‌ಗಳವರೆಗೆ ಸಲ್ಲುತ್ತದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಕೊಂಡಿ ಇದೆ. ಡೊಮೇನ್‌ಗೆ ಸೇರಿದ ಕಚೇರಿ ಸಿಸ್ಟಮ್‌ಗಳಿಗೆ ಇದು ಸಲ್ಲದು. ಅವಕ್ಕೆ ಸಂಸ್ಥೆಗಳ ಯೋಜನೆ, ಮೊದಲ ವರ್ಷ ಒಂದಕ್ಕೆ 61 ಡಾಲರ್, ಮುಂದಿನ ಪ್ರತಿ ವರ್ಷ ದುಪ್ಪಟ್ಟು, ಒಟ್ಟು ಮೂರು ವರ್ಷ. ಸೇರಲು ಇನ್ನೊಂದು ಕಾರಣವಿದೆ. ಬೂಟ್ ಆಗುವ ತಂತ್ರಾಂಶ ನಂಬಲರ್ಹವೇ ಎಂದು ನೋಡುವ ಸೆಕ್ಯೂರ್ ಬೂಟ್‌ನ 2011ರ ಪ್ರಮಾಣಪತ್ರಗಳ ಅವಧಿ ತೀರುವುದು 2026ರ ಜೂನ್‌ನಿಂದ ಶುರು, ಅವುಗಳ ಬದಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತದೆ. ಯೋಜನೆಗೆ ಸೇರದ ಹತ್ತಕ್ಕೆ ಅದು ಸಿಗುವುದಿಲ್ಲ.

ಟಿಪಿಎಂ, ಪ್ರೊಸೆಸರ್ ತಪಾಸಣೆ ತಪ್ಪಿಸಿ ಹನ್ನೊಂದು ಹಾಕುವ ದಾರಿಗಳಿವೆ, ರೂಫಸ್ ಎಂಬ ತಂತ್ರಾಂಶದಿಂದ ಅಂಥ ಪೆನ್‌ಡ್ರೈವ್ ಕೂಡ ಮಾಡಬಹುದು. ಓಡುತ್ತದೆ. ಆದರೆ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಕೈಯಿಂದಲೇ ಹಾಕಬೇಕು. ಅಪ್‌ಡೇಟ್ ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಕೋರ್ 2 ಡುಯೊ ಕಾಲದ ಸಿಸ್ಟಮ್ ಅಂತೂ 24ಎಚ್2ರಿಂದ ಈಚೆಗೆ ಬೂಟ್ ಕೂಡ ಆಗದು, ಅದಕ್ಕೆ ಬೇಕಾದ ಸೂಚನೆಗಳು ಆ ಪ್ರೊಸೆಸರ್‌ನಲ್ಲೇ ಇಲ್ಲ. ಗಿರಾಕಿಗಳ ದಾಖಲೆ ಇರುವ ಕಡೆ ಈ ದಾರಿ ಬೇಡ. ಬ್ರೌಸರ್, ಟೈಪಿಂಗ್ ಮಾತ್ರ ಸಾಕೆನ್ನುವವರಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಒಳ್ಳೆಯ ಆಯ್ಕೆ. ಅದರ ಟೈಪಿಂಗ್ ವ್ಯವಸ್ಥೆಯಾದ ಐಬಸ್‌ಗೆ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹ ಸೇರಿಸಿಕೊಂಡರೆ ಅದರಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿದ್ಧವಾಗಿಯೇ ಇದೆ, ನುಡಿಗೆ ಒಗ್ಗಿದ ಕೈಗೆ ಕಷ್ಟವಾಗದು.

ಹಲವು ಸಿಸ್ಟಮ್ ಇರುವ ಕಚೇರಿಯಲ್ಲಿ ಮೊದಲು ಪ್ರಿಂಟರ್ ಜೋಡಿಸದ, ಟ್ಯಾಲಿ ಡೇಟಾ ಇಲ್ಲದ ಒಂದನ್ನು ಆರಿಸಿ ಹಾಕಿ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವಾರದಲ್ಲಿ ಬೇಡ. ಹಿಂದಕ್ಕೆ ಮರಳಲು ವಿಂಡೋಸ್ ಕೊಡುವ ಗಡುವು 10 ದಿನ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಮ್‌ನ ಸೆಟ್-ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ (/set-osuninstallwindow) ಆಯ್ಕೆಯಿಂದ ಅದನ್ನು 60 ದಿನದವರೆಗೆ ಹಿಗ್ಗಿಸಬಹುದು. ಹಾಕಿದ ದಿನವೇ ಹಿಗ್ಗಿಸಿ, 10 ದಿನ ಕಳೆದ ಮೇಲೆ ಆ ಅವಕಾಶ ಇಲ್ಲ. ಅಷ್ಟೂ ದಿನ ಸಿ ಡ್ರೈವ್‌ನ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಬೇಡಿ, ಡಿಸ್ಕ್ ಕ್ಲೀನಪ್ ಓಡಿಸಬೇಡಿ. ಒಂದು ತಿಂಗಳ ರಿಟರ್ನ್, ಒಂದು ಸಂಬಳದ ಪಟ್ಟಿ, ಒಂದು ಕನ್ನಡ ಪತ್ರದ ಪ್ರಿಂಟ್ ಅದರಲ್ಲಿ ಸರಿಯಾಗಿ ಬಂದ ಮೇಲೆ ಉಳಿದವಕ್ಕೆ ಕೈ ಹಾಕಿ, ಡೇಟಾ ಮತ್ತು ಪ್ರಿಂಟರ್ ಇರುವ ಸಿಸ್ಟಮ್ ಕೊನೆಗೆ.